ಅರ್ಧ ಹಚ್ಚಡ

ನಮ್ಮ ರೆಲ್ಡತ್ತೆಯ ಕೈ ನೋಡಿದವರಿಗೆ ಅವಳ ಮುಖ ನೆನಪಿರುತ್ತಿರಲಿಲ್ಲ. ಮೊಣಕೈವರೆಗೆ ಹಳದಿ, ಉಗುರಿನ ಸಂದಿಯಲ್ಲಿ ಕಪ್ಪು. ಭಾನುವಾರ ಚರ್ಚಿಗೆ ಬರುವಾಗಲೂ ಅಷ್ಟೆ. ಸೋಪು ಹಾಕಿ ಉಜ್ಜಿ, ಬೂದಿ ಹಾಕಿ ಉಜ್ಜಿ, ಕೊನೆಗೆ ಕೈಗಳನ್ನೇ ಬೈದು ಬಿಟ್ಟುಬಿಡುತ್ತಿದ್ದಳು. "ದೇವರು ಕೈಬಣ್ಣ ನೋಡಲ್ಲ ಕಣೇ, ಕೈಕೆಲಸ ನೋಡ್ತಾನೆ" ಎನ್ನುತ್ತಿದ್ದಳು. ಪಾದ್ರಿಗಳು ಮಾತ್ರ ಆ ಕೈ ಕುಲುಕುವ ಮುಂಚೆ ಒಂದು ಗಳಿಗೆ ಹಿಂದೆ ಮುಂದೆ ನೋಡುತ್ತಿದ್ದರು, ಪಾಪ.

ಅವಳು ನಮ್ಮಪ್ಪನ ಅಕ್ಕ, ಝೆರೆಲ್ಡಾ ಫ್ರೇಲಿ. ನಾನು ಓಮಾ, ಅವಳ ಸೋದರಸೊಸೆ, ಅವಳ ಮಡಿಲಲ್ಲೇ ಬೆಳೆದವಳು. ಕೆಂಟಕಿಯ ಬೆಟ್ಟಗಳಿಗೆ ರೈಲು ಇನ್ನೂ ಬಂದಿರದ ಕಾಲ ಅದು. ಲಾರೆಲ್ ಹಳ್ಳದ ಉದ್ದಕ್ಕೂ ಇದ್ದ ಮನೆಗಳಲ್ಲಿ ಯಾರ ಮೈಮೇಲಿನ ಬಟ್ಟೆ ನೋಡಿದರೂ ಅದು ರೆಲ್ಡತ್ತೆಯ ಹಂಡೆಯಲ್ಲಿ ಮುಳುಗಿ ಎದ್ದದ್ದೇ ಆಗಿರುತ್ತಿತ್ತು. ಗಂಡಸರ ಪ್ಯಾಂಟಿನ ಮಣ್ಣುಹಸಿರು ಅವಳದು. ಮುದುಕಿಯರ ಶಾಲಿನ ಕಂದು ಅವಳದು. ಮದುವೆ ಹುಡುಗಿಯರ ಹಳದಿಯೂ ಅವಳದೇ. ಈ ಎಲ್ಲ ಬಣ್ಣವೂ ಬರುತ್ತಿದ್ದದ್ದು ಒಂದೇ ಮರದಿಂದ, ಕರಿ ಓಕ್‌ನಿಂದ.

ಕರಿ ಓಕ್ ಅಂದರೆ ಹೊರಗಿನಿಂದ ನೋಡಲು ಸುಟ್ಟ ಮರ. ತೊಗಟೆ ಕಪ್ಪು, ಒರಟು, ಮೊಸಳೆಯ ಬೆನ್ನಿನ ಹಾಗೆ ಬಿರುಕು. ಚಾಕು ತೆಗೆದುಕೊಂಡು ಅದನ್ನು ಒಂದಿಷ್ಟು ಕೆತ್ತಿದರೆ ಒಳಗೆ ಕಿತ್ತಳೆ ಬಣ್ಣ ಥಳಥಳನೆ ಕಾಣುತ್ತದೆ. ನಾವು ಚಿಕ್ಕವರಿದ್ದಾಗ ಆ ಒಳತೊಗಟೆ ಅಗಿದು ಯಾರ ಎಂಜಲು ಹೆಚ್ಚು ಹಳದಿ ಎಂದು ಉಗಿದು ನೋಡುತ್ತಿದ್ದೆವು, ಕಹಿಗೆ ಮುಖ ಕಿವಿಚಿಕೊಂಡು. ಅದರ ಕಾಯಿಯೂ ಕಹಿಯೇ. ಹಂದಿಗಳು ಮೊದಲು ಬಿಳಿ ಓಕ್‌ನ ಕಾಯಿಗಳನ್ನು ಮುಗಿಸಿ, ಬೇರೆ ಗತಿಯಿಲ್ಲದಾಗ ಇದರ ಬುಡಕ್ಕೆ ಬರುತ್ತಿದ್ದವು. ಆದರೆ ಬಿಳಿ ಓಕ್ ಕೈಕೊಟ್ಟ ವರ್ಷ ಅಳಿಲು, ಕಾಡುಕೋಳಿ, ಜಿಂಕೆ, ಕರಡಿ, ನಮ್ಮ ಹಂದಿ ಎಲ್ಲವನ್ನೂ ಚಳಿಗಾಲ ದಾಟಿಸುತ್ತಿದ್ದದ್ದು ಈ ಕಹಿಯೇ. "ಆತುರ ಇಲ್ಲದ ಮರ ಕಣೇ ಇದು. ಹೋದ ವರ್ಷ ಕಚ್ಚಿದ ಕಾಯಿ ಈ ವರ್ಷ ಬಲಿಯುತ್ತೆ" ಎಂದು ರೆಲ್ಡತ್ತೆ ಹೇಳುತ್ತಿದ್ದಳು. ಅವಳು ಮಾತ್ರ ಆತುರದ ಮುದ್ದೆ. ಅನ್ನುವುದಕ್ಕೂ ಮಾಡುವುದಕ್ಕೂ ನಡುವೆ ಉಸಿರಾಡುತ್ತಿರಲಿಲ್ಲ.

ಅಂಥ ರೆಲ್ಡತ್ತೆಯ ಪೆಟ್ಟಿಗೆಯಲ್ಲಿ ಅರ್ಧ ಹಚ್ಚಡ ಇತ್ತು.

ನಮ್ಮ ಕಡೆ ಹಾಸಿಗೆಗೆ ಹೊದಿಸುವ ಹಚ್ಚಡವನ್ನು ಎರಡು ಪಟ್ಟಿಯಾಗಿ ನೇಯುತ್ತಾರೆ. ಮಗ್ಗದ ಅಗಲ ಸಾಲುವುದಿಲ್ಲ. ಬಿಳಿ ಹತ್ತಿಯ ಹಾಸು, ಬಣ್ಣದ ಉಣ್ಣೆಯ ಹೊಕ್ಕು. ಎರಡನ್ನೂ ನಡುವೆ ಕೂಡಿಸಿ ಹೊಲಿದಾಗ ಹೂವಿಗೆ ಹೂವು ಕೂರಬೇಕು, ಬಣ್ಣಕ್ಕೆ ಬಣ್ಣ ಸೇರಬೇಕು. ನನ್ನ ಅಜ್ಜಿ ಸಾಬ್ರಾ ಒಂದು ಪಟ್ಟಿ ನೇಯ್ದಳು. ಒಂದು ಹಂಡೆಗೆ ಹಿಡಿಸುವ ನೂಲು ಅಷ್ಟಕ್ಕೇ ಆಗಿತ್ತು. ಉಳಿದ ಪಟ್ಟಿಯ ನೂಲನ್ನು ಮುಂದಿನ ವಸಂತದಲ್ಲಿ ಅದ್ದೋಣ ಎಂದುಕೊಂಡವಳು ಆ ಚಳಿಗಾಲದಲ್ಲೇ ಜ್ವರ ಬಂದು ತೀರಿಹೋದಳು. ರೆಲ್ಡತ್ತೆ ಆಗ ಎರಡು ಜಡೆಯ ಹುಡುಗಿ. "ಉಳಿದದ್ದು ನೀನು ಮಾಡು" ಎಂದು ಅಜ್ಜಿ ಅವಳಿಗೇ ಹೇಳಿ ಹೋಗಿದ್ದಳು.

ಆ ಹಳದಿ! ನಾನು ಏನು ಹೇಳಲಿ! ನಮ್ಮ ಹಳ್ಳದಲ್ಲಿ ಎಲ್ಲರ ಮನೆಯಲ್ಲೂ ಓಕ್ ಹಳದಿ ಇತ್ತು, ಎಲ್ಲವೂ ಒಂದಿಷ್ಟು ಕಂದು ಬೆರೆತ, ಹಳೇ ಹುಲ್ಲಿನಂಥ ಹಳದಿ. ಅಜ್ಜಿಯ ಪಟ್ಟಿ ಹಾಗಲ್ಲ. ಪೆಟ್ಟಿಗೆ ತೆರೆದರೆ ಕೋಣೆಯಲ್ಲಿ ದೀಪ ಹಚ್ಚಿದ ಹಾಗಾಗುತ್ತಿತ್ತು. ರೆಲ್ಡತ್ತೆ ಪ್ರತಿ ವಸಂತ ಆ ಹಳದಿಗಾಗಿ ಹಂಡೆ ಹೂಡಿದಳು. ಪ್ರತಿ ವಸಂತ ಬಣ್ಣ ಅದ್ದಿದ ನೂಲಿನ ಲಡಿಯನ್ನು ಪಟ್ಟಿಯ ಪಕ್ಕ ಇಟ್ಟು ನೋಡಿ, ತುಟಿ ಕಚ್ಚಿ, ಪೆಟ್ಟಿಗೆ ಮುಚ್ಚಿದಳು. ಒಬ್ಬಿಬ್ಬರು ಮದುವೆಗೆ ಕೇಳಿಕೊಂಡು ಬಂದಿದ್ದರಂತೆ. ತಾಯಿಯ ಹಚ್ಚಡ ಇಲ್ಲದೆ ಮಗಳು ಗಂಡನ ಮನೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. "ಮುಗೀಲಿ, ಆಮೇಲೆ ನೋಡೋಣ" ಎಂದಳು. ಬಂದವರು ಬೇರೆ ಕಡೆ ನೋಡಿಕೊಂಡರು. ಬಾಯಿಬಡುಕರು ಅವಳಿಗೆ 'ಅರ್ಧ ಹಚ್ಚಡದ ರೆಲ್ಡಾ' ಎಂದು ಹೆಸರಿಟ್ಟರು. ನನಗೆ ಈಗಲೂ ಅವರ ಬಾಯಿಗೆ ಆ ಕಹಿ ಕಾಯಿ ತುರುಕಬೇಕು ಅನ್ನಿಸುತ್ತದೆ.

ಅವಳ ಹಂಡೆಯ ಹತ್ತಿರ ಕಟ್ಟುನಿಟ್ಟುಗಳಿದ್ದವು. ಹಳದಿಗೆ ಹಿತ್ತಾಳೆ ಹಂಡೆಯೇ ಆಗಬೇಕು, ಕಬ್ಬಿಣದ್ದರಲ್ಲಿ ಹಾಕಿದರೆ ಮಣ್ಣುಹಸಿರಾಗುತ್ತದೆ. ನೂಲನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿಡಬೇಕು. ಇವೆಲ್ಲ ಎಲ್ಲರೂ ಮಾಡುವುದೇ. ಎಲ್ಲಕ್ಕಿಂತ ಬಿಗಿಯಾದ ಕಟ್ಟಳೆ ಅವಳೊಬ್ಬಳದು: ಹಾಲು, ಮೊಸರು, ಮಜ್ಜಿಗೆ ಯಾವುದೂ ಹಂಡೆಯ ಹತ್ತಿರ ಸುಳಿಯಬಾರದು. ಬಣ್ಣ ಅದ್ದುವ ದಿನ ಅಮ್ಮ ಮಜ್ಜಿಗೆ ಕಡೆಯುವಂತಿರಲಿಲ್ಲ. ಹಸು ಕೂಡ ಬೇಲಿಯಾಚೆ ಇರಬೇಕು. ಯಾಕೆ ಎಂದು ಕೇಳಿದರೆ ಬೆನ್ನು ತಿರುಗಿಸುತ್ತಿದ್ದಳು.

ತನ್ನ ಹಳದಿ ಮಂಕಾಗುವುದು ಯಾಕೆ ಎನ್ನುವುದಕ್ಕೆ ಅವಳ ಹತ್ತಿರ ಒಂದೇ ಉತ್ತರ: ಮರ. ಅಜ್ಜಿ ಬಣ್ಣಕ್ಕೆ ಒಳತೊಗಟೆಯ ಚಕ್ಕೆ ತಂದದ್ದು ದಿಬ್ಬದ ಮೇಲಿನ ಆ ದೊಡ್ಡ ಕರಿ ಓಕ್‌ನಿಂದ. ಅದು ನಮ್ಮ ಬೇಲಿಯಾಚೆ, ಸ್ಟಾಲರ್ಡರ ಜಾಗದಲ್ಲಿತ್ತು. ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಕಾರಣ ಒಂದು ಹಂದಿ.

ನಮ್ಮಲ್ಲಿ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ, ಓಕ್ ಕಾಯಿ ತಿಂದು ಕೊಬ್ಬಲಿ ಎಂದು. ಯಾರದು ಎಂದು ಗೊತ್ತಾಗಲು ಕಿವಿಗೆ ಕತ್ತರಿ ಹಾಕಿರುತ್ತಾರೆ, ಮನೆಗೊಂದು ಗುರುತು. ಆ ಹಂದಿಯ ಕಿವಿಯನ್ನು ಯಾವುದೋ ನಾಯಿ ಹರಿದು ಚಿಂದಿ ಮಾಡಿತ್ತು. ತಾತ ನಮ್ಮದು ಅಂದರು, ಸ್ಟಾಲರ್ಡ್ ಮುದುಕ ನಮ್ಮದು ಅಂದ. ಅವನು ಅನ್ನುವಷ್ಟರಲ್ಲಿ ತಾತ ಅದನ್ನು ಕೊಯ್ದು ಉಪ್ಪು ಹಚ್ಚಿ ತೂಗುಹಾಕಿಯಾಗಿತ್ತು. ಅಜ್ಜಿ ಸತ್ತ ಮಾಗಿಯಲ್ಲೇ ಇದು ನಡೆದದ್ದು. ಅಲ್ಲಿಂದ ಎರಡೂ ಮನೆಗೆ ಮಾತಿಲ್ಲ, ಕತೆಯಿಲ್ಲ. ಮುದುಕ ಸತ್ತ ಮೇಲೆ ಅವನ ಮಗ ಏಸಾ ಆ ಹಗೆಯನ್ನು ಕಾಪಾಡಿಕೊಂಡು ಬಂದ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಏಸಾ ಬೇಲಿಯ ಹತ್ತಿರ ರೆಲ್ಡತ್ತೆಯನ್ನು ಕಂಡರೆ ಹಂದಿಯ ಹಾಗೆ ಗುರುಗುಟ್ಟಿ ಹೋಗುತ್ತಿದ್ದ.

ನನ್ನ ಮದುವೆ ನಿಶ್ಚಯವಾದ ವರ್ಷ ಮೇ ತಿಂಗಳಲ್ಲಿ ಒಂದು ಗಾಳಿ ಬಂತು ನೋಡಿ, ಅಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಬೆಳಿಗ್ಗೆ ತಿಂಡಿ ಹೊತ್ತು. ಸೂರಿನ ಹಲಗೆ ಹಾರಿತು, ಕೋಳಿಗೂಡು ಉರುಳಿತು, ಆಮೇಲೆ ದಿಬ್ಬದ ಮೇಲಿನಿಂದ ನೆಲ ನಡುಗುವ ಸದ್ದು. ರೆಲ್ಡತ್ತೆ ಬಾಯಿಗೆ ಹಾಕಿಕೊಂಡಿದ್ದ ರೊಟ್ಟಿ ನುಂಗಲಿಲ್ಲ.

"ಮರ!" ಎಂದಳು. "ಓಮಾ, ಮರ ಬಿತ್ತು! ಕೊಡಲಿ ತಗೋ!"

"ಅತ್ತೆ, ಗಾಳಿ ನಿಲ್ಲಲಿ..."

"ಗಾಳಿ ನಿಲ್ಲುತ್ತೆ, ರಸ ನಿಲ್ಲಲ್ಲ! ಬಿದ್ದ ಮರದ ತೊಗಟೆ ಎರಡು ದಿನ ಬಿಟ್ರೆ ಕಚ್ಚಿಕೊಂಡುಬಿಡುತ್ತೆ. ಏಳೇ!"

ಓಡಿದೆವು. ನಾನು ಇಪ್ಪತ್ತರ ಹುಡುಗಿ, ಅವಳು ನಲವತ್ತು ದಾಟಿದವಳು, ನನಗೆ ಅವಳ ಲಂಗದ ಅಂಚೂ ಸಿಗಲಿಲ್ಲ. ದಿಬ್ಬ ಹತ್ತಿ ನೋಡಿದರೆ ಆ ಮಹಾಮರ ಬೇರು ಸಮೇತ ಮಲಗಿದೆ. ಬುಡ ಸ್ಟಾಲರ್ಡರ ಜಾಗದಲ್ಲಿ, ತಲೆ ಬೇಲಿ ಮುರಿದುಕೊಂಡು ನಮ್ಮ ಕಡೆ. ಅಳಿಲುಗಳು ದಿಕ್ಕಾಪಾಲು. ಪೊಟರೆಯಿಂದ ಹೊರಬಿದ್ದ ಗೂಬೆಯೊಂದು ಹಗಲು ಬೆಳಕಿಗೆ ಕಣ್ಣು ಪಿಳಿಪಿಳಿ ಬಿಡುತ್ತಾ ಬೇಲಿಗಂಬದ ಮೇಲೆ ಕೂತಿತ್ತು. ಬುಡದ ಮೇಲೆ ಏಸಾ ಸ್ಟಾಲರ್ಡ್ ಕೂತಿದ್ದ, ಹೊಗೆಸೊಪ್ಪು ಅಗಿಯುತ್ತಾ.

ರೆಲ್ಡತ್ತೆ ಕೊಂಬೆಗೆ ಚಾಕು ಹಾಕಿದಳು. ಕೊಂಬೆಯ ತೊಗಟೆ ತೆಳು, ಬಣ್ಣ ಅಷ್ಟಕ್ಕಷ್ಟೆ. ದಪ್ಪ ಚಕ್ಕೆಯೆಲ್ಲ ಏಸಾ ಕೂತಿದ್ದ ಕಾಂಡದಲ್ಲಿ.

"ಏಸಾ, ಸ್ವಲ್ಪ ಸರಿ" ಎಂದಳು, ಯಾವತ್ತೂ ಮಾತಾಡುತ್ತಿದ್ದವಳ ಹಾಗೆ.

ಏಸಾ ಸುತ್ತಲೂ ನೋಡಿದ. "ಯಾರೋ ಏನೋ ಅಂದ ಹಾಗೆ ಕೇಳಿಸ್ತು. ಫ್ರೇಲಿ ಮನೆಯವರ ದನಿ ಇದ್ದ ಹಾಗಿತ್ತು. ಇರಲಾರದು, ಅವರು ನಮ್ಮ ಹತ್ತಿರ ಏನೂ ಕೇಳಲ್ಲ, ತಗೊಂಡು ತಿಂದುಬಿಡ್ತಾರೆ."

"ನನಗೆ ಚಕ್ಕೆ ಬೇಕು."

"ನನಗೂ ಒಂದು ಬೇಕಾಗಿದೆ."

"ಏನು?"

"ಹಂದಿ ಯಾರದು ಅಂತ ಹೇಳು. ನಮ್ಮಪ್ಪ ಸಾಯೋವಾಗಲೂ ಅದನ್ನೇ ಅಂದ. ಒಬ್ಬ ಫ್ರೇಲಿ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು ಅಂದ."

ನಮ್ಮಪ್ಪ ಅಷ್ಟರಲ್ಲಿ ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದಿದ್ದ. "ಅಕ್ಕಾ, ಬಾಯಿ ಬಿಟ್ಟೀಯ ಜೋಕೆ!" ಎಂದ. "ಅಪ್ಪ ಗೋರಿಯಲ್ಲಿ ಮಗ್ಗುಲು ಬದಲಿಸ್ತಾರೆ!"

"ಬದಲಿಸಲಿ, ಒಂದೇ ಮಗ್ಗುಲಲ್ಲಿ ಮಲಗಿ ನೋವಾಗಿರುತ್ತೆ" ಎಂದಳು ರೆಲ್ಡತ್ತೆ. ಮುರಿದ ಬೇಲಿಯ ಮೇಲೆ ಹತ್ತಿ ನಿಂತು ಸೊಂಟಕ್ಕೆ ಕೈಯಿಟ್ಟು, ಹಳ್ಳದ ಆ ತುದಿಗೂ ಕೇಳುವ ಹಾಗೆ ಕೂಗಿದಳು: "ಹಂದಿ ಸ್ಟಾಲರ್ಡರದು! ನಾವು ತಿಂದ್ವಿ! ರುಚಿಯಾಗಿತ್ತು!"

ಎದುರು ಬೆಟ್ಟ ಅದನ್ನು ಇನ್ನೊಂದು ಸಲ ಹೇಳಿತು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಏಸಾ ಬಾಯಿ ತೆರೆದುಕೊಂಡೇ ಇದ್ದ, ಹೊಗೆಸೊಪ್ಪು ಕೆಳಗೆ ಬಿತ್ತು.

"ಉಪ್ಪು ತಿಂದವರು ನೀರು ಕುಡೀಲೇಬೇಕಲ್ಲ, ಕುಡಿದೆ" ಎಂದಳು ರೆಲ್ಡತ್ತೆ ಬೇಲಿ ಇಳಿಯುತ್ತಾ. "ಈಗ ಸರಿ."

ಏಸಾ ಸರಿದ. ಸರಿದದ್ದಷ್ಟೇ ಅಲ್ಲ, ಮನೆಗೆ ಹೋಗಿ ತನ್ನ ಎರಡು ಹಿಡಿಯ ಬಾಚಿ ತಂದು ತಾನೇ ಕಪ್ಪು ಹೊರತೊಗಟೆ ಹೆರೆಯಲು ಕೂತ. ಸುದ್ದಿ ತಿಳಿದು ಹಳ್ಳದ ಹೆಂಗಸರು ಬಂದರು. ಅವರಲ್ಲಿ ಅರ್ಧ ಜನ ಬಂದದ್ದು ಚಕ್ಕೆ ಎಬ್ಬಿಸಲು, ಉಳಿದವರು ಫ್ರೇಲಿಯೂ ಸ್ಟಾಲರ್ಡೂ ಒಂದೇ ಮರದ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಲು. ತೊಗಟೆ ಎಷ್ಟು ಚೆನ್ನಾಗಿ ಏಳುತ್ತಿತ್ತು ಅಂತೀರಿ! ಬೆಣೆ ಹಾಕಿ ಒತ್ತಿದರೆ ಚರ್ರನೆ ಹಾಳೆಹಾಳೆಯಾಗಿ ಬರುತ್ತಿತ್ತು, ಒಳಗೆಲ್ಲ ಒದ್ದೆ ಕಿತ್ತಳೆ. ಬುಡದ ಒರಟು ತೊಗಟೆಯನ್ನು ಏಸಾ ಚರ್ಮ ಹದ ಮಾಡಲು ಇಟ್ಟುಕೊಂಡ, ಕಾಂಡದ ಒಳ್ಳೆಯ ಚಕ್ಕೆಯೆಲ್ಲ ನಮಗೆ. ಸಂಜೆಗೆ ನಮ್ಮೆಲ್ಲರ ಕೈಯೂ ರೆಲ್ಡತ್ತೆಯ ಕೈಯೇ ಆಗಿತ್ತು. ಅವಳು ಹಾಡುತ್ತಿದ್ದಳು. ಅವಳ ಹಾಡು ಕೇಳಲು ಒಂದಿಷ್ಟು ಧೈರ್ಯ ಬೇಕಿತ್ತು, ಆದರೂ ಅವತ್ತು ಯಾರೂ ನಿಲ್ಲಿಸು ಅನ್ನಲಿಲ್ಲ.

ಮರುದಿನ ಚಕ್ಕೆ ಕುಟ್ಟಿ ನೆನೆಹಾಕಿದೆವು. ಅದರ ಮರುದಿನ ಹೊಳೆ ದಂಡೆಯಲ್ಲಿ ಹಿತ್ತಾಳೆ ಹಂಡೆ ಹೂಡಿದೆವು. ಅಮ್ಮ ಮಜ್ಜಿಗೆಯ ಮಡಕೆಯನ್ನು ನೆಲಮಾಳಿಗೆಗೆ ಸಾಗಿಸಿದಳು. ಮೊದಲ ಲಡಿ ಇಳಿಯಿತು, ಕುದಿಯಿತು, ಮೇಲೆ ಬಂತು. ರೆಲ್ಡತ್ತೆ ಅದನ್ನು ತೊಳೆದು ಬೇಲಿಯ ಮೇಲೆ ಹಾಕಿ ಒಣಗುವವರೆಗೂ ಅದರ ಕಡೆ ನೋಡಲೇ ಇಲ್ಲ. ಒಣಗಿದ ಮೇಲೆ ಅಜ್ಜಿಯ ಪಟ್ಟಿ ತಂದು ಪಕ್ಕದಲ್ಲಿಟ್ಟಳು.

ಮಂಕು. ಅದೇ ಹಳೇ ಹುಲ್ಲು. ಪ್ರತಿ ವರ್ಷದ್ದಕ್ಕಿಂತ ಕೂದಲೆಳೆಯಷ್ಟೂ ಬೇರೆಯಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಗೋಳೋ ಎಂದು ಅತ್ತುಬಿಟ್ಟೆ. ರೆಲ್ಡತ್ತೆ ಅಳಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ಇಷ್ಟು ವರ್ಷ ಅವಳಿಗೆ ಒಂದು ಆಸೆ ಇತ್ತು: ಆ ಮರ ಸಿಕ್ಕರೆ ಆಯಿತು ಎಂದು. ಈಗ ಮರ ಸಿಕ್ಕಿತ್ತು, ಆಸೆ ಹೋಗಿತ್ತು. "ಮರದಲ್ಲಿಲ್ಲ ಕಣೇ" ಎಂದಳು. "ಅಂದ್ರೆ ನನ್ನ ಕೈಯಲ್ಲೇ ಇಲ್ಲ. ಅಮ್ಮ ಕೈಲಾಗದ ಮಗಳಿಗೆ ಹೇಳಿ ಹೋದಳು."

ಆದರೂ ಮರುದಿನ ಬೆಳಿಗ್ಗೆ ಇನ್ನೊಂದು ಹಂಡೆ ಹೂಡಿದಳು. ಚಕ್ಕೆ ಇತ್ತು, ಪಟಿಕ ಹಾಕಿದ ನೂಲು ಇತ್ತು, ಸುಮ್ಮನೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಹಂಡೆ ಕುದಿ ಬರುವ ಹೊತ್ತಿಗೆ ಏಸಾ ದಿಬ್ಬ ಇಳಿದು ಬಂದ. ಕ್ಷೌರ ಮಾಡಿಕೊಂಡಿದ್ದ! ಒಗೆದ ಅಂಗಿ ಹಾಕಿಕೊಂಡಿದ್ದ! ಮೊದಲು ಮನೆ ಬಾಗಿಲಿಗೆ ಹೋಗಿದ್ದನಂತೆ. ಅಷ್ಟು ವರ್ಷಗಳ ಮೇಲೆ ಬಂದ ಸ್ಟಾಲರ್ಡನಿಗೆ ಏನು ಕೊಡುವುದು ಎಂದು ತಿಳಿಯದೆ ಅಮ್ಮ ನೆಲಮಾಳಿಗೆಯಿಂದ ದೊಡ್ಡ ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು. ಕಟ್ಟಳೆ ಮರೆತೇ ಹೋಗಿತ್ತು. ಏಸಾ ಆ ತಂಬಿಗೆ ಹಿಡಿದುಕೊಂಡೇ ಹೊಳೆ ದಂಡೆಗೆ ಬಂದ.

"ಏನೇ ರೆಲ್ಡಾ, ನನ್ನ ಮರ ಹೇಗೆ ಕುದೀತಿದೆ?" ಎಂದು ಹಂಡೆಯ ಮೇಲೆ ಬಗ್ಗಿದ.

ರೆಲ್ಡತ್ತೆ ತಿರುಗಿ ನೋಡಿದಳು. ಮೀಸೆಗೆ ಮಜ್ಜಿಗೆ, ಕೈಯಲ್ಲಿ ಮಜ್ಜಿಗೆ, ಕೆಳಗೆ ಹಂಡೆ. "ಅಯ್ಯೋ ಮುಂಡೇದೇ, ದೂರ ಹೋಗೋ!" ಎಂದು ಕಲಕುವ ಕೋಲು ಎತ್ತಿಕೊಂಡು ಹಾರಿದಳು. ಏಸಾ ಕೋಲು ತಪ್ಪಿಸಿಕೊಳ್ಳಲು ಕೈ ಎತ್ತಿದ. ತಂಬಿಗೆ ಅಡಿಮೇಲಾಗಿ, ಅಷ್ಟೂ ಮಜ್ಜಿಗೆ ಹಂಡೆಯೊಳಗೆ ಬಿತ್ತು.

ಏಸಾನ ತಲೆ ಒಡೆದೇ ಹೋಗುತ್ತದೆ ಅಂದುಕೊಂಡೆ. ರೆಲ್ಡತ್ತೆ ಕೋಲು ಬಿಟ್ಟುಬಿಟ್ಟಳು. ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮೀನಖಂಡಗಳನ್ನು ಮುಚ್ಚಿಕೊಂಡಳು, ಯಾರೋ ಅಲ್ಲಿಗೆ ಹೊಡೆಯಲು ಬಂದ ಹಾಗೆ.

"ಅತ್ತೆ, ಏನಾಯ್ತೇ?"

"ನಾನೂ ಚೆಲ್ಲಿದ್ದೆ" ಎಂದಳು, ಚಿಕ್ಕ ಹುಡುಗಿಯ ದನಿಯಲ್ಲಿ. "ಅಮ್ಮನ ಹಂಡೆಗೆ. ಮಜ್ಜಿಗೆ ತಗೊಂಡು ಬಾ ಅಂದ್ಲು, ಬೇರು ಎಡವಿದೆ, ಎಲ್ಲಾ ಹಂಡೆಗೆ ಹೋಯ್ತು. ಹಿಕರಿ ಮರದ ಚಡಿ ತಗೊಂಡು ಹೊಡೆದ್ಲು ಓಮಾ, ಕಾಲಲ್ಲಿ ರಕ್ತ ಬರೋ ಹಾಗೆ ಹೊಡೆದ್ಲು. ಅಮ್ಮ ನನಗೆ ಹೊಡೆದದ್ದು ಅದೊಂದೇ ಸಲ. ನಾನು ಚಿಕ್ಕಮ್ಮನ ಮನೆಗೆ ಓಡಿಹೋದೆ. ಮಾರನೇ ದಿನ ಬಂದಾಗ ನೂಲೆಲ್ಲ ಬೇಲಿ ಮೇಲಿತ್ತು, ಆ ಹಳದಿ. ಇನ್ನೊಂದು ಹಂಡೆ ಹೂಡಿರಬೇಕು ಅಂದ್ಕೊಂಡೆ. ಕರೆದು ತಲೆ ಬಾಚಿದ್ಲು, ಜಡೆಗೆ ಆ ನೂಲಲ್ಲೇ ಒಂದೆಳೆ ಕಟ್ಟಿದ್ಲು. ಮಾತಾಡ್ಲಿಲ್ಲ. ಕೋಪ ಇಳಿದಿಲ್ಲ ಅಂದ್ಕೊಂಡೆ. ಚಳಿಗಾಲಕ್ಕೆ ಹೋಗೇಬಿಟ್ಲು."

ಏಸಾ ಖಾಲಿ ತಂಬಿಗೆ ಹಿಡಿದು ನಿಂತಿದ್ದ. ನನಗೆ ಏನು ಮಾಡಬೇಕೋ ತಿಳಿಯದೆ, ಹೋಗಲಿ ನೂಲಾದರೂ ಉಳಿಯಲಿ ಎಂದು ಕೋಲು ತೆಗೆದುಕೊಂಡು ಹಂಡೆ ಕಲಕಿದೆ. ಮಜ್ಜಿಗೆ ಒಡೆದು ಗಂಟುಗಂಟಾಗಿತ್ತು. ಆ ಗಂಟುಗಳು ಬಿಳಿ ಇರಲಿಲ್ಲ. ಕಂದು, ಕೆಸರಿನ ಕಂದು, ನೀರಿನಲ್ಲಿದ್ದ ಕೊಳೆಯನ್ನೆಲ್ಲ ಕುಡಿದುಕೊಂಡ ಹಾಗೆ ಅಡಿಗೆ ಇಳಿಯುತ್ತಿದ್ದವು. ಮೇಲೆ ಉಳಿದ ನೀರು...

"ಅತ್ತೆ!" ಎಂದು ಕಿರುಚಿದೆ. "ಅತ್ತೆ, ಏಳು! ನೀರು ನೋಡು!"

ಲಡಿ ಎತ್ತಿದೆ. ಬಿಸಿಲು ಬಿತ್ತು. ದೇವರಾಣೆ, ಲಡಿ ಕೈಜಾರಿ ಮತ್ತೆ ಹಂಡೆಗೆ ಬಿದ್ದುಹೋಯಿತು!

"ಒಣಗಲಿ" ಎಂದಳು ರೆಲ್ಡತ್ತೆ. ಎದ್ದು ನಿಂತಿದ್ದಳು. "ಒದ್ದೆ ನೂಲು ಸುಳ್ಳು ಹೇಳುತ್ತೆ. ಒಣಗಲಿ. ಯಾರೂ ಮಾತಾಡಬೇಡಿ."

ಲಡಿಯನ್ನು ಹೊಳೆಯಲ್ಲಿ ತೊಳೆದು, ಅಂಟಿದ ಗಂಟು ಬಿಡಿಸಿ, ಬೇಲಿಗೆ ಹಾಕಿದೆವು. ಎಲ್ಲರೂ ಅದರ ಎದುರು ಹುಲ್ಲಿನ ಮೇಲೆ ಸಾಲಾಗಿ ಕೂತೆವು. ಅಪ್ಪ ಉಳುಮೆ ಬಿಟ್ಟು ಬಂದ. ಅಮ್ಮ ಒಲೆ ಬಿಟ್ಟು ಬಂದಳು. ನೂಲು ಒಣಗುವುದನ್ನು ನೋಡುತ್ತಾ ಕೂರುವ ಕೆಲಸ ಇಷ್ಟು ಉಸಿರುಗಟ್ಟಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಏಸಾ ಒಂದು ಸಲ "ಗಾಳಿ ಚೆನ್ನಾಗಿದೆ" ಎಂದ. "ಬಾಯಿ ಮುಚ್ಚು" ಎಂದರು ಎಲ್ಲರೂ.

ಬಿಸಿಲು ಇಳಿದಾಗ ರೆಲ್ಡತ್ತೆ ಲಡಿ ಮುಟ್ಟಿ ನೋಡಿದಳು. ಒಳಗೆ ಹೋಗಿ ಅಜ್ಜಿಯ ಪಟ್ಟಿ ತಂದು ಹುಲ್ಲಿನ ಮೇಲೆ ಹಾಸಿದಳು. ಲಡಿಯನ್ನು ಅದರ ಮೇಲಿಟ್ಟಳು.

ಲಡಿ ಕಾಣಲಿಲ್ಲ! ಹೂವಿನ ಮೇಲಿಟ್ಟ ಲಡಿ ಹೂವಿನಲ್ಲೇ ಸೇರಿಹೋಯಿತು. ಎಲ್ಲಿ ಲಡಿ, ಎಲ್ಲಿ ಹಚ್ಚಡ ಎಂದು ಬೆರಳಿಟ್ಟು ಹುಡುಕಬೇಕಾಯಿತು.

ಆಮೇಲೆ ನಡೆದದ್ದನ್ನು ಒಂದೊಂದಾಗಿ ಹೇಳಲಾರೆ. ನಾನು ಕುಣಿದೆ. ಅಮ್ಮ ಹಸುವನ್ನು ತಬ್ಬಿಕೊಂಡಳು. ಅಪ್ಪ ಏಸಾನ ಬೆನ್ನಿಗೆ ಗುದ್ದಿ, ಗುದ್ದಿದ್ದು ಸ್ಟಾಲರ್ಡನಿಗೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡು, ಹೋಗಲಿ ಎಂದು ಮತ್ತೊಂದು ಗುದ್ದಿದ. ರೆಲ್ಡತ್ತೆ ಬೇಲಿ ಹತ್ತಿ ಹಳ್ಳಕ್ಕೆಲ್ಲ ಕೂಗಿದಳು: "ಮಜ್ಜಿಗೆ! ಏ, ಕೇಳಿಸ್ತಾ? ಮಜ್ಜಿಗೆ!" ಕೆಳಗಿನ ಮನೆಯವರು ಅವಳಿಗೆ ಬಾಯಾರಿಕೆ ಎಂದುಕೊಂಡು ಒಂದು ಮಡಕೆ ಕಳಿಸಿಕೊಟ್ಟರು.

"ಬಣ್ಣ ಬಂದದ್ದು ನನ್ನ ಕೈಯಿಂದ" ಎಂದ ಏಸಾ. "ಅರ್ಧ ಹಚ್ಚಡ ನನಗೆ ಬರಬೇಕು."

"ಹಂದಿ ನಿಮ್ಮದು ಅಂತ ಕೂಗಿ ಹೇಳಿದ್ದೀನಲ್ಲ, ಅಷ್ಟು ಸಾಕು ಹೋಗು. ಮಜ್ಜಿಗೆ ನಮ್ಮದು, ಚೆಲ್ಲಿದ್ದು ಮಾತ್ರ ನೀನು."

"ಚೆಲ್ಲೋಕೂ ಕೈ ಹದ ಬೇಕಾಗುತ್ತೆ ರೆಲ್ಡಾ."

ರೆಲ್ಡತ್ತೆ ನಕ್ಕಳು. ಏಸಾ ಆಮೇಲೆ ಪ್ರತಿ ಹಂಡೆಗೂ ಕ್ಷೌರ ಮಾಡಿಕೊಂಡೇ ಬರುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಬೇಸಿಗೆಯೆಲ್ಲ ಅವಳು ಮಗ್ಗದ ಮೇಲೆ ಕೂತಳು. ಅಜ್ಜಿ ನಿಲ್ಲಿಸಿದ ಹೂವನ್ನೇ ಎತ್ತಿಕೊಂಡು ಎರಡನೆಯ ಪಟ್ಟಿ ನೇಯ್ದಳು. ಓಕ್ ಎಲೆ ಕೆಂಪಾಗುವ ಹೊತ್ತಿಗೆ ಎರಡೂ ಪಟ್ಟಿ ಕೂಡಿಸಿ ಹೊಲಿದಾಯಿತು. ನೋಡಲು ಬಂದ ಹೆಂಗಸರು ಹೊಲಿಗೆ ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರು. ಬಾಯಿಬಡುಕರೂ ಹುಡುಕಿದರು, ನನಗೆ ಹೊಟ್ಟೆ ತಣ್ಣಗಾಯಿತು. ಹಚ್ಚಡ ನಿನ್ನ ಮದುವೆಗೆ ಎಂದು ಅಪ್ಪ ನನಗೆ ಹೇಳಿದ್ದ. ಬೇಡ, ನನಗೆ ಅಮ್ಮ ನೇಯ್ದದ್ದು ಇದೆ ಅಂದೆ. ಅದನ್ನು ಅವಳ ಮಂಚದ ಮೇಲೆ ನಾನೇ ಹಾಸಿದೆ.

ನನಗೆ ಒಂದು ಮಾತು ಮಾತ್ರ ಕೊರೆಯುತ್ತಿತ್ತು. ಮದುವೆಯ ಬೆಳಿಗ್ಗೆ ರೆಲ್ಡತ್ತೆ ನನ್ನ ತಲೆ ಬಾಚಲು ಕೂತಾಗ ಕೇಳಿಯೇಬಿಟ್ಟೆ.

"ಅತ್ತೆ, ನೀನು ಮಜ್ಜಿಗೆ ಚೆಲ್ಲಿದ ದಿನ... ಅಜ್ಜಿ ಇನ್ನೊಂದು ಹಂಡೆ ಹೂಡಿದ್ಲು ಅಂದ್ಯಲ್ಲ, ಅದಕ್ಕೆ ಚಕ್ಕೆ ಎಲ್ಲಿತ್ತು?"

"ಎಲ್ಲಿತ್ತು ಅಂದ್ರೆ? ಇರಲಿಲ್ಲ. ತಂದಿದ್ದೆಲ್ಲ ಅದೊಂದೇ ಹಂಡೆಗೆ ಹಾಕಿದ್ಲು. ಅದಕ್ಕೇ ಅಲ್ವೇನೇ ಅಷ್ಟು ಹೊಡೆದದ್ದು" ಎಂದಳು. ಬಾಚುತ್ತಾ ಜಡೆ ಹೆಣೆದಳು. ಮಡಿಲಿನಿಂದ ಹಳದಿ ನೂಲಿನ ಒಂದೆಳೆ ತೆಗೆದು ಜಡೆಯ ತುದಿಗೆ ಸುತ್ತಿದಳು. ಗಂಟು ಹಾಕುವಾಗ ಅವಳ ಕೈ ನಿಂತುಹೋಯಿತು.

ನಾನು ತಿರುಗಲಿಲ್ಲ. ನಮ್ಮ ಹಳ್ಳದಲ್ಲಿ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಅಂದದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅಜ್ಜಿಯ ಕಾಲದಲ್ಲಂತೂ ಕೇಳುವುದೇ ಬೇಡ.

ರೆಲ್ಡತ್ತೆ ಗಂಟು ಬಿಗಿದು ನನ್ನ ಜಡೆಯನ್ನು ಬೆನ್ನಿನಿಂದ ಎತ್ತಿ, ಭುಜದ ಮೇಲಿಂದ ಮುಂದಕ್ಕೆ ಹಾಕಿದಳು, ಹಳದಿ ನೂಲು ನನಗೆ ಕಾಣುವ ಹಾಗೆ.

"ಆ ಏಟುಗಳನ್ನ ಅಮ್ಮ ಮಾರನೇ ದಿನವೇ ವಾಪಸ್ ತಗೊಂಡಿದ್ಲು ಕಣೇ" ಎಂದಳು. "ನಾನು ಚೆಲ್ಲಿದ ಹಂಡೆಯ ನೂಲನ್ನೇ ಜಡೆಗೆ ಕಟ್ಟಿ ಹೇಳಿದ್ಲು. ಬೆನ್ನ ಮೇಲಿತ್ತು, ನಾನು ನೋಡಲಿಲ್ಲ."